ಚಿನಕುರಳಿಯಲ್ಲಿ ಮೂರನೇ ಸಲ ಸುಟ್ಟ ಮೋಟಾರು

ಬಿಚ್ಚುವ ಮೊದಲೇ ಮೂಗಿಗೆ ಗೊತ್ತಾಗುತ್ತದೆ:
ಸೀದ ಬೆಲ್ಲದ ಪಾಕಕ್ಕೆ ಯಾರೋ ಕೂದಲು ಹಾಕಿದ ಹಾಗೆ
ಎನಾಮಲ್ ಸುಟ್ಟ ವಾಸನೆ.
ಉದ್ದಿನ ವಡೆ ಚೆನ್ನಾಜಮ್ಮ ನನ್ನ ಮೇಜಿನ ಮೇಲೆ ಮೋಟಾರು ಕುಕ್ಕಿ
"ನಿನ್ ವೈಂಡಿಂಗ್ಗೆ ಬೆಂಕಿ ಬೀಳ" ಅಂದಳು.
ಬಿದ್ದದ್ದನ್ನೇ ತಂದಿದ್ದಳಲ್ಲ.
ಯುಗಾದಿಗೊಂದು ಸಲ, ಆಷಾಢಕ್ಕೊಂದು, ಈಗ ಇನ್ನೊಂದು.

ನನ್ನ ಕೈಯನ್ನೇ ನಾನು ಅನುಮಾನಿಸಿದೆ.
ಸುತ್ತುಗಳನ್ನು ಎರಡೆರಡು ಸಲ ಎಣಿಸಿ, ಬಿದಿರುಕಡ್ಡಿಯಲ್ಲಿ
ತಾಮ್ರವನ್ನು ಸಂದಿಸಂದಿಗೂ ಒತ್ತಿ, ವಾರ್ನಿಷ್ ಕುಡಿಸಿ, ಒಣಗಿಸಿ,
ಲಾರಿ ಬ್ಯಾಟರಿ ತಾಗಿಸಿ ನೋಡಿದೆ.
ಹನ್ನೆರಡು ವೋಲ್ಟಿಗೆ ಆರು ಆಂಪಿಯರು,
ಭಾಗಿಸಿದರೆ ಎರಡು ಓಮ್.
ಇರಬೇಕಾದ್ದೂ ಅಷ್ಟೇ.
ಷಫೀವುಲ್ಲಾ ಮೇಸ್ತ್ರಿ ಬೀಡಿ ಕಚ್ಚಿಕೊಂಡೇ ಕೇಳಿದರು,
"ರೋಗಿನ ನೋಡಿದ್ದಾಯ್ತು. ಮನೆ ನೋಡಿದ್ಯಾ?"

ಬೆಳಗಿನ ನಾಲ್ಕಕ್ಕೆ ಹೋದೆ, ಮೀಟರು ಬಗಲಲ್ಲಿ.
ನಾಲೆಯಾಚೆ ಬಯಲ ತುಂಬ ಪಂಪ್‌ಸೆಟ್ಟುಗಳ ಗುಂಯ್.
ಚೆನ್ನಾಜಮ್ಮನ ಬಲ್ಬು ಹಣ್ಣಾದ ವೀಳ್ಯದೆಲೆಯ ಬಣ್ಣ.
ನೂರೆಪ್ಪತ್ತು ವೋಲ್ಟು.
ಆರು ಎಳೆಯಬೇಕಾದ ಮೋಟಾರು ಒಂಬತ್ತು ಎಳೆಯುತ್ತಿದೆ.

"ಕಮ್ಮಿ ಬಂದ್ರೆ ಕಮ್ಮಿ ತಾನೇ ಬಿಸಿಯಾಗ್ಬೇಕು?"
ಕೇಳಿದ್ದು ಸರಿಯಾಗಿಯೇ ಕೇಳಿದಳು.
ನೀರು ಕಾಯಿಸುವ ಕಾಯಿಲಾಗಿದ್ದರೆ ಹಾಗೆಯೇ.
ಅದು ನಲವತ್ತಾರು ಓಮಿನ ಸ್ಥಿತಪ್ರಜ್ಞ:
ಇನ್ನೂರಮೂವತ್ತು ಕೊಟ್ಟರೆ ಐದು ಆಂಪಿಯರು, ಸಾವಿರದ ನೂರೈವತ್ತು ವ್ಯಾಟು;
ನೂರೆಪ್ಪತ್ತಕ್ಕೆ ಮೂರು ಮುಕ್ಕಾಲೂ ಇಲ್ಲ, ಆರುನೂರ ಚಿಲ್ಲರೆ ವ್ಯಾಟು.
ಕಾಲುಭಾಗ ವೋಲ್ಟೇಜು ಇಳಿದರೆ ಹತ್ತಿರಹತ್ತಿರ ಅರ್ಧ ಶಾಖ ಹೋಯಿತು,
ಸ್ನಾನ ತಡವಾಯಿತು, ಅಷ್ಟೇ.

ಮೋಟಾರಿಗೆ ಆ ಜಾಣತನ ಇಲ್ಲ.
ಕಲ್ಲು ತಿರುಗಲೇಬೇಕು, ಉದ್ದು ನುರಿಯಲೇಬೇಕು,
ಆರು ಗಂಟೆಗೆ ಎರಡು ಹೋಟೆಲು ಕಾಯುತ್ತವೆ.
ಕೊಟ್ಟದ್ದು ಸಾಲದಿದ್ದರೆ ಎಳೆದೆಳೆದು ದುಡಿಯುತ್ತದೆ.
ಆರಾರ್ಲ ಮೂವತ್ತಾರು, ಅದಕ್ಕೆರಡು ಪಾಲು
ಎಪ್ಪತ್ತೆರಡು ವ್ಯಾಟು ಮೈಬಿಸಿ, ತಡೆದುಕೊಂಡೀತು.
ಒಂಬತ್ತೊಂಬತ್ಲ ಎಂಬತ್ತೊಂದು, ಅದಕ್ಕೆರಡು ಪಾಲು
ನೂರ ಅರವತ್ತೆರಡು.
ಅಲ್ಲಿಗೆ ಎನಾಮಲ್ಲಿನ ಋಣ ತೀರಿತು.

(ಪವರ್ ಫ್ಯಾಕ್ಟರು ಅಂತ ಇನ್ನೊಂದಿದೆ.
ಅಷ್ಟು ಹೊತ್ತಿಗೆ, ಅಷ್ಟು ಚಳಿಯಲ್ಲಿ, ಅದನ್ನು ಯಾರಿಗೂ ಹೇಳಬಾರದು.)

"ಲೆಕ್ಕ ಬುಡವ್ವ, ಹಿಟ್ಟು ತಡ ಆಯ್ತದೆ."

ಬಿಡಲಿಲ್ಲ. ಕಂಬದ ಬುಡದ ಮನೆಯ ಬಾಗಿಲು ಬಡಿದು
ಬೈಸಿಕೊಂಡು ಅಳೆದೆ: ನೂರೆಂಬತ್ತೆಂಟು.
ಅಲ್ಲಿಂದ ಇಲ್ಲಿಗೆ ಬರುವಷ್ಟರಲ್ಲಿ ಹದಿನೆಂಟು ವೋಲ್ಟು ಮಾಯ.
ಒಂಬತ್ತರಿಂದ ಭಾಗಿಸಿದೆ, ದಾರಿಯಲ್ಲೂ ಎರಡು ಓಮ್.
ಒಂಬತ್ತರಿಂದ ಗುಣಿಸಿದೆ,
ಮತ್ತೆ ಅದೇ ನೂರ ಅರವತ್ತೆರಡು,
ಮೋಟಾರಿನ ಹೊಟ್ಟೆಯಲ್ಲಿ ಉರಿದಷ್ಟೇ ಹೊರಗೂ ಎಲ್ಲೋ ಉರಿಯುತ್ತಿದೆ.
ಎಲ್ಲಿ?

ಟಾರ್ಚು ಬಿಟ್ಟುಕೊಂಡು ತಂತಿಯ ಜೊತೆಗೇ ನಡೆದೆ.
ಸೂರಿನಡಿ, ಮೋಟುಗೋಡೆಯ ತುದಿಯಲ್ಲಿ
ಕಂದು ಬೆಕ್ಕೊಂದು ಸುರುಳಿ ಸುತ್ತಿ ಮಲಗಿತ್ತು.
ಮಾಗಿಯ ಇಬ್ಬನಿಯಲ್ಲಿ, ಒಲೆ ಬಿಟ್ಟು, ಅಲ್ಲಿ.
ಎಬ್ಬಿಸಿದೆ. ಕೆಳಗೆ ಯೂರಿಯಾ ಚೀಲದ ಪಟ್ಟಿ ಸುತ್ತಿದ ಒಂದು ಗಂಟು,
ಕೈಯಿಟ್ಟರೆ ಚುರ್ರೆಂದಿತು.

"ಯಾರು ಕಟ್ಟಿದ್ದು?"
ಚೆನ್ನಾಜಮ್ಮ ಉದ್ದು ತೊಳೆದಳು, ನೀರು ಬಸಿದಳು, ಮತ್ತೆ ತೊಳೆದಳು.
"ಲೈನ್‌ಮ್ಯಾನ್ ಮುನ್ನೂರು ಕೇಳ್ದ. ನಾನೇ ಕಟ್ದೆ.
ಈಳಿಗೆಮಣೇಲಿ ಸಿಪ್ಪೆ ಸುಲ್ದು."

ಫ್ಯೂಸು ಕಿತ್ತು, ಗಂಟು ಕತ್ತರಿಸಿ, ಹೊಸದಾಗಿ ಬೆಸೆದೆ.
ನೂರೆಂಬತ್ತೈದು ಬಂತು. ಎಂಟು ಆಂಪಿಯರು.
ಉಳಿದದ್ದು ಬಯಲಿನ ಪಾಲು,
ಅದಕ್ಕೆ ನನ್ನ ಹತ್ತಿರ ಕಟಿಂಗ್ ಪ್ಲೇಯರಿಲ್ಲ.
ಕೂಲಿಯಲ್ಲಿ ಐವತ್ತು ಹಿಡಿದುಕೊಂಡು ವಡೆ ಕೊಟ್ಟಳು, ನಾಲ್ಕು.

ಹೊರಡುವಾಗ ಬೆಕ್ಕು ಗೋಡೆಗೆ ವಾಪಸು ಬಂದಿತ್ತು.
ಆ ಜಾಗದಲ್ಲಿ ಮೂರು ಸುತ್ತು ಸುತ್ತಿ, ಮೂಸಿ,
ಒಂದು ಪಾದ ಇಟ್ಟು, ತೆಗೆದು,
ನನ್ನ ಕಡೆ ತಿರುಗಿ ನೋಡಿತು.